ಜೈಲು ಸಿನಿಮಾದಲ್ಲಿ ಕತೆ ಹೇಳುವ ದನಿ: ನಮ್ಮ ಮರುಕವನ್ನು ಅದು ಎತ್ತ ಒಯ್ಯುತ್ತದೆ ಅಂತ ಪತ್ತೆ ಹಚ್ಚುವ ಬಗೆ

ಕೊಲೆ ಮಾಡಿ ಜೈಲು ಸೇರಿದವನೊಬ್ಬ ಎರಡು ಗಂಟೆ ಹೊತ್ತು ನಮ್ಮ ಕಿವಿಯ ಹತ್ತಿರ ಕೂತು ಮಾತಾಡುತ್ತಾನೆ. ಸಿನಿಮಾ ಮುಗಿಯುವಷ್ಟರಲ್ಲಿ ಅವನು ಹೊರಗೆ ಬರಲಿ, ಚೆನ್ನಾಗಿರಲಿ ಅಂತ ನಾವೇ ಹಾರೈಸುತ್ತಿರುತ್ತೇವೆ. ಅವನು ಕೊಂದದ್ದು ಯಾರನ್ನು ಅಂತ ಯಾರಾದರೂ ಕೇಳಿದರೆ ಮಾತ್ರ ತಡವರಿಸುತ್ತೇವೆ.

ನನಗೆ ಹೀಗಾದದ್ದು 'ದಿ ಶಾಶಾಂಕ್ ರಿಡೆಂಪ್ಷನ್' (1994) ವಿಷಯದಲ್ಲಿ. ನಾಲ್ಕೈದು ಸಲ ನೋಡಿದ್ದ ಸಿನಿಮಾ ಅದು. ಗೆಳೆಯರೊಬ್ಬರು ಮಾತಿನ ನಡುವೆ ಕೇಳಿದರು: "ಆ ರೆಡ್ ಒಳಗೆ ಹೋಗಿದ್ದು ಯಾಕೆ?" ಕೊಲೆ ಅಂದೆ. "ಯಾರನ್ನು ಕೊಂದ?" ಬಾಯಿ ಕಟ್ಟಿತು. ಮನೆಗೆ ಬಂದು ಮತ್ತೆ ಹಾಕಿಕೊಂಡು ನೋಡಿದೆ. ಸಿನಿಮಾ ಅದನ್ನು ಹೇಳುವುದೇ ಇಲ್ಲ. ಇಡೀ ಕತೆಯನ್ನು ನಮಗೆ ಹೇಳುತ್ತಿರುವವನು ರೆಡ್. ಆದರೆ ತನ್ನ ಕೈಯಲ್ಲಿ ಸತ್ತವರ ಮಾತನ್ನು ಅವನು ಎತ್ತುವುದಿಲ್ಲ. ನಾನೂ ಕೇಳಿರಲಿಲ್ಲ.

ಆವತ್ತಿನಿಂದ ಜೈಲು ಸಿನಿಮಾಗಳನ್ನು ಒಂದು ಕ್ರಮದಲ್ಲಿ ನೋಡುವ ಅಭ್ಯಾಸ ಮಾಡಿಕೊಂಡೆ. ಸಿನಿಮಾದ ಬಗ್ಗೆ ಬರೆಯುವವರಿಗೆ, ತರಗತಿಯಲ್ಲಿ ಸಿನಿಮಾ ತೋರಿಸಿ ಮಾತಾಡುವವರಿಗೆ, ಸುಮ್ನೆ ಕುತೂಹಲ ಇರುವವರಿಗೂ ಇದು ಕೆಲಸಕ್ಕೆ ಬರುತ್ತದೆ. ಒಂದು ಸಿನಿಮಾ, ಒಂದು ನೋಟ್‌ಬುಕ್, ಎರಡು ಸಂಜೆ ಇದ್ದರೆ ಸಾಕು. ಕೆಳಗೆ ಹೆಸರಿಸುವ ಸಿನಿಮಾಗಳ ಕೊನೆಯನ್ನೂ ಹೇಳಬೇಕಾಗುತ್ತದೆ. ನೋಡಿಲ್ಲದವರು ಮೊದಲು ನೋಡಿ ಬನ್ನಿ.

ಮಾತು ಶುರು ಮಾಡುವ ಮೊದಲು ಒಂದು ಪದ ಸರಿ ಮಾಡಿಕೊಳ್ಳೋಣ. ವಾಯ್ಸ್ ಓವರ್ ಅಂದರೆ ತೆರೆಯ ಮೇಲೆ ಯಾರ ತುಟಿಯೂ ಅಲುಗದೆ ನಮಗೆ ಕೇಳುವ ದನಿ. ಪಕ್ಕದ ಕೋಣೆಯಲ್ಲಿ ಇರುವವನು ಕೂಗಿದರೆ ಅದು ವಾಯ್ಸ್ ಓವರ್ ಆಗುವುದಿಲ್ಲ. ಅವನು ಅದೇ ಜಾಗದಲ್ಲಿದ್ದಾನೆ, ಕಾಣುತ್ತಿಲ್ಲ ಅಷ್ಟೇ. ವಾಯ್ಸ್ ಓವರ್ ಬರುವುದು ಬೇರೆ ಜಾಗದಿಂದ, ಬಹಳ ಸಲ ಬೇರೆ ಕಾಲದಿಂದ. ಗೋಡೆಗಳ ಕತೆಯಲ್ಲಿ ಇದು ದೊಡ್ಡ ವಿಷಯ. ಕೈದಿಯ ಮೈ ಒಳಗಿದೆ, ಅವನ ದನಿ ಮಾತ್ರ ಎಲ್ಲಿಂದಲೋ ಬಿಡುಗಡೆಯಾಗಿ ಬಂದಿದೆ. ಆ ದನಿ ಕೇಳಿದ ಕೂಡಲೇ ಇವನು ಹೇಗೋ ಉಳಿದುಕೊಂಡಿದ್ದಾನೆ ಅನ್ನುವ ಭಾವ ನಮ್ಮಲ್ಲಿ ಕೂರುತ್ತದೆ.

ಹೆಜ್ಜೆ 1: ಮೊದಲ ಸಲ ಸುಮ್ಮನೆ ನೋಡಿ

ಪೆನ್ನು ಕೆಳಗಿಡಿ. ಒಂದೇ ಒಂದು ಗುರುತು ಹಾಕಿಕೊಳ್ಳಿ: ಯಾವ ನಿಮಿಷದಲ್ಲಿ ನಿಮ್ಮ ಮನಸ್ಸು ಆ ಕೈದಿಯ ಕಡೆ ವಾಲಿತು? ಗಡಿಯಾರದ ಹೊತ್ತು ಬರೆದರೆ ಸಾಕು. ಕಾರಣ ಈಗ ಬೇಡ. ಈಗ ಬರೆದ ಕಾರಣ ಹೆಚ್ಚಿನ ಸಲ ತಪ್ಪಾಗಿರುತ್ತದೆ. ಅವನು ಒಳ್ಳೆಯವನು ಅಂತಲೋ, ಅವನಿಗೆ ಅನ್ಯಾಯವಾಯಿತು ಅಂತಲೋ ಬರೆದಿರುತ್ತೇವೆ. ಆಮೇಲೆ ನೋಡಿದರೆ ಆ ನಿಮಿಷದಲ್ಲಿ ತೆರೆಯ ಮೇಲೆ ಒಳ್ಳೆಯದೂ ನಡೆದಿರುವುದಿಲ್ಲ, ಅನ್ಯಾಯವೂ ನಡೆದಿರುವುದಿಲ್ಲ. ಒಬ್ಬ ಮಾತಾಡಿರುತ್ತಾನೆ ಅಷ್ಟೇ.

ಹೆಜ್ಜೆ 2: ದನಿಯ ಲೆಕ್ಕ ಬರೆಯಿರಿ

ಎರಡನೇ ಸಲ ರಿಮೋಟ್ ಕೈಯಲ್ಲಿರಲಿ. ದನಿ ಬಂದಾಗಲೆಲ್ಲ ನಿಲ್ಲಿಸಿ ನಾಲ್ಕು ವಿಷಯ ಬರೆಯಿರಿ. ಎಷ್ಟು ಹೊತ್ತಿಗೆ ಬಂತು, ಯಾರ ದನಿ, ಆಗ ತೆರೆಯ ಮೇಲೆ ಏನಿತ್ತು, ಆ ಮಾತು ಯಾವ ಜಾತಿಯದು. ಕೊನೆಯದೇ ಮುಖ್ಯ. ನಾನು ಚಿಕ್ಕ ಗುರುತುಗಳನ್ನು ಇಟ್ಟುಕೊಂಡಿದ್ದೇನೆ. ನಡೆದದ್ದನ್ನು ಹೇಳಿದರೆ 'ಹೇ'. ಊಹೆ ಮಾಡಿದರೆ 'ಊ'. ತೀರ್ಪು ಕೊಟ್ಟರೆ 'ತೀ'. ಗೊತ್ತಿದ್ದೂ ಬಚ್ಚಿಟ್ಟರೆ 'ಬ'.

142 ನಿಮಿಷದ 'ಶಾಶಾಂಕ್'ಗೆ ಈ ಲೆಕ್ಕ ಬರೆದಾಗ ನನಗೆ ಆಶ್ಚರ್ಯವಾದದ್ದು 'ಊ'ಗಳ ಸಾಲು. ರೆಡ್ ತನ್ನ ಜೊತೆಯ ಕೈದಿ, ಕತೆಯ ನಾಯಕ ಆಂಡಿಯ ಬಗ್ಗೆ ಮಾತಾಡುವಾಗ ಮತ್ತೆ ಮತ್ತೆ ಊಹಿಸುತ್ತಾನೆ. ಅವನಿಗೆ ಆಂಡಿಯ ಒಳಗು ಗೊತ್ತಿಲ್ಲ. ಯಾವಾಗಲೂ ಸ್ವಲ್ಪ ದೂರ ನಿಂತು, ಹೀಗಿರಬಹುದು, ಹಾಗಿರಬಹುದು ಅನ್ನುತ್ತಾನೆ. ಗೊತ್ತಿಲ್ಲದವನೊಬ್ಬ ಇಷ್ಟು ಪ್ರೀತಿಯಿಂದ ಊಹೆ ಮಾಡುತ್ತಿದ್ದರೆ ನಮಗೂ ಆ ಮನುಷ್ಯನನ್ನು ತಿಳಿಯಬೇಕು ಅನಿಸುತ್ತದೆ. ಅಲ್ಲಿಂದಲೇ ಮರುಕ ಬೇರು ಬಿಡುತ್ತದೆ.

ದನಿ ಮೊದಲು ಎಲ್ಲಿ ಬಂತು ಅನ್ನುವುದನ್ನು ತಪ್ಪದೆ ನೋಡಿ. ಈ ಸಿನಿಮಾ ಶುರುವಾಗುವುದು ಮೌನವಾಗಿ ಕಾರಿನಲ್ಲಿ ಕೂತ ಆಂಡಿಯಿಂದ. ಕೈಯಲ್ಲಿ ಬಂದೂಕು, ಕುಡಿದಿದ್ದಾನೆ. ಆಮೇಲೆ ಕೋರ್ಟು, ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಕೊಂದ ಆರೋಪ. ನ್ಯಾಯಾಧೀಶರಿಗೆ ಅವನು ಎದೆಯಲ್ಲಿ ಏನೂ ಇಲ್ಲದ ಮನುಷ್ಯನಂತೆ ಕಾಣುತ್ತಾನೆ, ಎರಡು ಜೀವಾವಧಿ ಶಿಕ್ಷೆ ಬೀಳುತ್ತದೆ. ನಮಗೂ ಅವನು ತಣ್ಣಗೆ ಕಾಣುತ್ತಾನೆ. ಇಲ್ಲಿವರೆಗೆ ಕತೆ ಹೇಳುವ ದನಿ ಇಲ್ಲ. ಆಮೇಲೆ 1947ರ ಪರೋಲ್ ಮಂಡಳಿ, ಅಂದರೆ ಶಿಕ್ಷೆ ಮುಗಿಯುವ ಮೊದಲೇ ಕೈದಿಯನ್ನು ಬಿಡಬಹುದಾ ಅಂತ ತೀರ್ಮಾನಿಸುವವರು. 20 ವರ್ಷ ಜೈಲು ಕಂಡಿರುವ ರೆಡ್, ತಾನು ಬದಲಾಗಿದ್ದೇನೆ ಅಂತ ಕಂಠಪಾಠ ಮಾಡಿದ ಮಾತು ಒಪ್ಪಿಸುತ್ತಾನೆ. ಅರ್ಜಿ ತಿರಸ್ಕಾರ. ಅವನು ಅಂಗಳಕ್ಕೆ ಬರುತ್ತಾನೆ. ಆಗ, ಆಗಷ್ಟೇ, ದನಿ ಶುರುವಾಗುತ್ತದೆ.

ಈ ಜೋಡಣೆಯನ್ನು ಗಮನಿಸಿ. ಮಂಡಳಿಯ ಮುಂದೆ ಅವನಾಡಿದ್ದು ಸುಳ್ಳು ಅಂತ ನಮಗೆ ಗೊತ್ತಾಗಿದೆ. ಮರುಕ್ಷಣವೇ ಅವನು ನಮ್ಮ ಜೊತೆ ಬೇರೆ ದನಿಯಲ್ಲಿ, ಸಲಿಗೆಯಿಂದ ಮಾತಾಡುತ್ತಾನೆ. ಮಂಡಳಿಗೆ ಸಿಗದ ನಿಜ ನಮಗೆ ಸಿಗುತ್ತಿದೆ ಅನಿಸುತ್ತದೆ. ಅಲ್ಲಿಂದ ನಾವು ಅವನ ಪಾಳೆಯ.

ಹೆಜ್ಜೆ 3: ಯಾರ ದನಿ, ಯಾರ ಕತೆ

ಈ ಎರಡು ಒಂದೇ ಆಗಿರಬೇಕಿಲ್ಲ. ಮೂರು ಬಗೆ ಸಿಗುತ್ತವೆ.

ಕೈದಿ ತನ್ನದೇ ಕತೆ ಹೇಳುವುದು ಒಂದು. ರೋಬೇರ್ ಬ್ರೆಸ್ಸೋನ್ ಅವರ 'ಎ ಮ್ಯಾನ್ ಎಸ್ಕೇಪ್ಡ್' (1956) ಇದಕ್ಕೆ ಒಳ್ಳೆಯ ಉದಾಹರಣೆ. 1943ರಲ್ಲಿ ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನ ಲಿಯೋನ್ ನಗರದ ಮೋಂಲುಕ್ ಜೈಲು. ಫೋಂತೇನ್ ಎಂಬ ಕೈದಿ ಚಮಚದ ಹಿಡಿಯನ್ನು ಉಜ್ಜಿ ಉಳಿಯಂತೆ ಮಾಡಿಕೊಂಡು ಬಾಗಿಲ ಹಲಗೆ ಬಿಡಿಸುತ್ತಾನೆ. ಬಟ್ಟೆ ಸೀಳಿ, ಮಂಚದ ತಂತಿ ಸೇರಿಸಿ ಹಗ್ಗ ಹೊಸೆಯುತ್ತಾನೆ. ಅವನ ದನಿ ದುಃಖದ ಬಗ್ಗೆ ಕಡಿಮೆ ಮಾತಾಡುತ್ತದೆ, ಕೆಲಸದ ಬಗ್ಗೆ ಜಾಸ್ತಿ. ಏರಿಳಿತವೇ ಇಲ್ಲದ ಸಪಾಟು ದನಿ. ಕರುಣೆ ಬೇಡದ ಈ ದನಿಗೆ ನಾವು ಕೊಡುವ ಕರುಣೆ ಎಷ್ಟು ಅಂದರೆ, ಕೊನೆಯ ಅರ್ಧ ಗಂಟೆ ನಾನು ಉಸಿರು ಬಿಗಿಹಿಡಿದೇ ನೋಡುತ್ತೇನೆ. ಕೈದಿ ಪಾರಾಗುತ್ತಾನೆ ಅಂತ ಸಿನಿಮಾದ ಹೆಸರೇ ಹೇಳಿಬಿಟ್ಟಿದ್ದರೂ!

ಅದೇ ಸಿನಿಮಾದಲ್ಲಿ ಇನ್ನೊಂದು ಘಳಿಗೆ ಇದೆ. ಓಡಿಹೋಗುವ ದಿನ ಹತ್ತಿರವಾದಾಗ ಅವನ ಕೋಣೆಗೆ ಜೋಸ್ಟ್ ಅನ್ನುವ ಹುಡುಗನನ್ನು ತಂದು ಹಾಕುತ್ತಾರೆ. ಇವನು ಬೇಹುಗಾರನಾ? ಜೊತೆಗೆ ಕರೆದೊಯ್ಯುವುದಾ, ಕೊಲ್ಲುವುದಾ? ಫೋಂತೇನ್ ಎರಡನ್ನೂ ತೂಗುತ್ತಾನೆ. ಹುಡುಗನೊಬ್ಬನನ್ನು ಕೊಲ್ಲುವ ಬಗ್ಗೆ ಯೋಚಿಸುವವನ ಮೇಲೆ ನಮ್ಮ ಮರುಕ ಯಾಕೆ ಕಡಿಮೆಯಾಗಲಿಲ್ಲ? ಈ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನನ್ನ ಉತ್ತರ ಇದು: ಅಷ್ಟು ಹೊತ್ತಿಗೆ ನಾವು ಅವನ ಜೊತೆ ಎಷ್ಟು ದಿನ ಹಲಗೆ ಕೆರೆದಿದ್ದೇವೆ ಅಂದರೆ, ಕೆಲಸ ಕೆಡುತ್ತದೆ ಅನ್ನುವ ಭಯ ನಮ್ಮದೂ ಆಗಿಬಿಟ್ಟಿರುತ್ತದೆ.

ಎರಡನೆಯದು, ಒಬ್ಬ ಕೈದಿ ಇನ್ನೊಬ್ಬ ಕೈದಿಯ ಕತೆ ಹೇಳುವುದು. 'ಶಾಶಾಂಕ್' ಈ ಬಗೆಯದು. ನನ್ನ ಅನುಭವದಲ್ಲಿ ಮರುಕ ಹುಟ್ಟಿಸುವುದರಲ್ಲಿ ಇದರಷ್ಟು ಬಲ ಬೇರೆ ಯಾವುದಕ್ಕೂ ಇಲ್ಲ. ಆಂಡಿ ತಾನೇ ಬಾಯಿಬಿಟ್ಟು, ನಾನು ತಪ್ಪು ಮಾಡಿಲ್ಲ, ನಾನು ಗಟ್ಟಿಗ, ನಾನು ಆಸೆ ಬಿಟ್ಟಿಲ್ಲ ಅಂತ ಎರಡು ಗಂಟೆ ಹೇಳಿದ್ದರೆ ನಮಗೆ ಸಾಕಾಗಿಬಿಡುತ್ತಿತ್ತು. ಅದನ್ನೇ ಇನ್ನೊಬ್ಬ ಹೇಳಿದಾಗ ಅದು ಸಾಕ್ಷಿಯಾಗುತ್ತದೆ. ಅದರಲ್ಲೂ ಮೊದಲು ಆಂಡಿಯನ್ನು ಕೀಳಾಗಿ ಅಳೆದವನು ಹೇಳಿದಾಗ. ಮೊದಲ ರಾತ್ರಿ ಅಳುವವರು ಯಾರು ಅಂತ ಕೈದಿಗಳು ಪಂದ್ಯ ಕಟ್ಟಿದಾಗ ರೆಡ್ ಆಂಡಿಯ ಹೆಸರು ಹಿಡಿದು ಸೋಲುತ್ತಾನೆ. ತನ್ನ ಅಂದಾಜು ತಪ್ಪು ಅಂತ ಒಪ್ಪಿಕೊಂಡವನ ಮುಂದಿನ ಮಾತನ್ನು ನಾವು ನಂಬುತ್ತೇವೆ, ಅಲ್ವಾ?

ಮೂರನೆಯದು ಕಾವಲುಗಾರನ ದನಿ. ಅದೇ ನಿರ್ದೇಶಕ ಫ್ರಾಂಕ್ ಡ್ಯಾರಬಾಂಟ್ 1999ರಲ್ಲಿ ಮಾಡಿದ 'ದಿ ಗ್ರೀನ್ ಮೈಲ್' ನೋಡಿ. ಎರಡಕ್ಕೂ ಮೂಲ ಸ್ಟೀಫನ್ ಕಿಂಗ್ ಕತೆಗಳೇ. ಇಲ್ಲಿ ಮರಣದಂಡನೆ ಆದವರ ವಿಭಾಗದ ಹಿರಿಯ ಕಾವಲುಗಾರ ಪಾಲ್ ಮುದುಕನಾದ ಮೇಲೆ, ವೃದ್ಧಾಶ್ರಮದಲ್ಲಿ ಗೆಳತಿಯೊಬ್ಬಳಿಗೆ 1935ರ ಕತೆ ಹೇಳುತ್ತಾನೆ. ಸಾಯುವವನು ಜಾನ್ ಕಾಫಿ, ತಪ್ಪು ಮಾಡದ ಕಪ್ಪು ಮನುಷ್ಯ. ನೆನಪಿನ ಭಾರ ಹೊತ್ತು ಕೊರಗುವವನು ಪಾಲ್. ಕತೆ ಮುಗಿದಾಗ ನಾವು ಯಾರಿಗಾಗಿ ಜಾಸ್ತಿ ನೊಂದಿದ್ದೇವೆ ಅಂತ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಕಾಫಿಯ ಮನಸ್ಸಿನೊಳಗೆ ಏನಿತ್ತು ಅಂತ ತಿಳಿಯಲು ನಮಗೆ ಅವನ ದನಿ ಸಿಗುವುದಿಲ್ಲ. ಅವನು ನಮಗೆ ಸಂತನಂತೆ ಕಾಣುತ್ತಾನೆ, ಪಕ್ಕದ ಮನೆಯ ಮನುಷ್ಯನಂತೆ ಕಾಣುವುದಿಲ್ಲ. ಎರಡೂ ಸಿನಿಮಾ ಒಟ್ಟಿಗೆ ನೋಡಿದರೆ ದನಿ ಕೈಬದಲಾದಾಗ ಮರುಕ ಹೇಗೆ ಜಾಗ ಬದಲಿಸುತ್ತದೆ ಅನ್ನುವುದು ಕಣ್ಣಿಗೆ ಕಟ್ಟುತ್ತದೆ.

ಹೆಜ್ಜೆ 4: ಯಾರಿಗೆ ಹೇಳುತ್ತಿದ್ದಾನೆ, ಯಾವ ಕಾಲದಲ್ಲಿ ನಿಂತು

ಕೇಳುವವರು ಯಾರು ಅನ್ನುವುದು ನಮ್ಮನ್ನು ಕೂರಿಸುವ ಕುರ್ಚಿ. 'ಇನ್ ದಿ ನೇಮ್ ಆಫ್ ದಿ ಫಾದರ್' (1993) ಸಿನಿಮಾದಲ್ಲಿ ಗೆರ್ರಿ ಕಾನ್ಲನ್ ತನ್ನ ಕತೆಯನ್ನು ವಕೀಲೆಗಾಗಿ ಕ್ಯಾಸೆಟ್‌ನಲ್ಲಿ ಹೇಳುತ್ತಾನೆ. ಇಂಗ್ಲೆಂಡಿನ 1974ರ ಗಿಲ್ಡ್‌ಫರ್ಡ್ ಬಾಂಬ್ ಪ್ರಕರಣದಲ್ಲಿ ಮಾಡದ ತಪ್ಪಿಗೆ ಶಿಕ್ಷೆಯಾಗಿ, 1989ರಲ್ಲಿ ಬಿಡುಗಡೆಯಾದವರು ನಿಜ ಜೀವನದ ಕಾನ್ಲನ್. ಆ ಕ್ಯಾಸೆಟ್ ಕೇಳುವಾಗ ನಾವು ವಕೀಲೆಯ ಜಾಗದಲ್ಲಿ ಕೂತಿರುತ್ತೇವೆ. ಪೊಲೀಸರು ಬಲವಂತದಿಂದ ಬರೆಸಿಕೊಂಡ ತಪ್ಪೊಪ್ಪಿಗೆ ಒಂದು ಕಡೆ, ಅವನೇ ಬಾಯಾರೆ ಹೇಳುವ ಈ ಕ್ಯಾಸೆಟ್ ಇನ್ನೊಂದು ಕಡೆ. ಅವನ ಮೊದಲಿನ ಪುಂಡಾಟಿಕೆ, ಕಳ್ಳತನ ಎಲ್ಲವನ್ನೂ ಅವನೇ ಹೇಳುತ್ತಾನೆ. ಅವು ಅವನ ಮೇಲಿನ ನಂಬಿಕೆಯನ್ನು ಹೆಚ್ಚಿಸುತ್ತವೆ.

ಇದರ ಎದುರು 'ಎ ಕ್ಲಾಕ್‌ವರ್ಕ್ ಆರೆಂಜ್' (1971) ಇಟ್ಟು ನೋಡಿ. ಅದರ ಒಂದು ಭಾಗವಷ್ಟೇ ಜೈಲಿನಲ್ಲಿ ನಡೆಯುತ್ತದೆ. ಅಲ್ಲಿ ಕತೆ ಹೇಳುವ ಅಲೆಕ್ಸ್ ನಮ್ಮನ್ನು ಸಹೋದರರೇ ಅಂತ ಕರೆಯುತ್ತಾನೆ. ಅವನು ಮಾಡಿದ ಹಿಂಸೆಯನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೂ ಆ ಕರೆಯುವಿಕೆ ಕೆಲಸ ಮಾಡುತ್ತದೆ. ಅವನಿಗೆ ಶಿಕ್ಷೆ ಶುರುವಾದಾಗ ನಮಗೆ ನೋವಾಗುತ್ತದೆ, ನೋವಾಯಿತಲ್ಲ ಅಂತ ಕಸಿವಿಸಿಯೂ ಆಗುತ್ತದೆ. ಮರ್ರೇ ಸ್ಮಿತ್ ಎಂಬ ಸಿನಿಮಾ ವಿದ್ವಾಂಸರು 1995ರಲ್ಲಿ ಒಂದು ಉಪಯೋಗದ ಭೇದ ಮಾಡಿಕೊಟ್ಟರು. ಒಬ್ಬ ಪಾತ್ರದ ಜೊತೆಗಿರುವುದೇ ಬೇರೆ, ಆ ಪಾತ್ರದ ಪಕ್ಷ ವಹಿಸುವುದೇ ಬೇರೆ. ದನಿ ನಮ್ಮನ್ನು ಜೊತೆಗಿರಿಸುತ್ತದೆ. ಪಕ್ಷ ವಹಿಸುವಂತೆ ಮಾಡಲು ಸಿನಿಮಾ ಇನ್ನಷ್ಟು ಕೆಲಸ ಮಾಡಬೇಕು. ನಿಮ್ಮ ಲೆಕ್ಕದಲ್ಲಿ ಈ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ.

ಕಾಲದ ವಿಷಯಕ್ಕೆ ಬಂದರೆ, ಕ್ರಿಯಾಪದಗಳ ಮೇಲೆ ಕಣ್ಣಿಡಿ. 'ಹೀಗಾಯಿತು' ಅಂತ ಹೇಳುವವನಿಗೆ ಮುಂದಿನದು ಗೊತ್ತು. 'ಹೀಗಾಗುತ್ತಿದೆ' ಅನ್ನುವವನಿಗೆ ಗೊತ್ತಿಲ್ಲ. ಈ ಎರಡರ ನಡುವೆ ಎಲ್ಲಾದರೂ ಜಿಗಿತ ಇದೆಯಾ ಅಂತ ಗುರುತು ಮಾಡಿಕೊಳ್ಳಿ. ಕೊನೆಯ ಹೆಜ್ಜೆಯಲ್ಲಿ ಅದು ಬೇಕಾಗುತ್ತದೆ.

ಹೆಜ್ಜೆ 5: ದನಿ ಮುಚ್ಚಿ ನೋಡಿ

ಇಡೀ ಕ್ರಮದಲ್ಲಿ ನನಗೆ ಇಷ್ಟವಾದದ್ದು ಇದೇ. ದನಿ ಇರುವ ಎರಡು ನಿಮಿಷದ ಒಂದು ದೃಶ್ಯ ಆರಿಸಿ. ಮ್ಯೂಟ್ ಮಾಡಿ ನೋಡಿ. ಸಬ್‌ಟೈಟಲ್ ಆಫ್ ಮಾಡಲು ಮರೆಯಬೇಡಿ. ನಾನು ಮೊದಲ ಸಲ ಮರೆತಿದ್ದೆ, ಓದುತ್ತಾ ಕೂತರೆ ದನಿ ತಲೆಯೊಳಗೆ ಕೇಳಿಬಿಡುತ್ತದೆ. ಡಬ್ಬಿಂಗ್ ಆದ ಪ್ರತಿ ಬೇಡ, ಅದರಲ್ಲಿ ದನಿಯೇ ಬೇರೆಯವರದು.

ನಾನು ಆರಿಸಿದ್ದು 'ಶಾಶಾಂಕ್'ನ ಚಾವಣಿ ದೃಶ್ಯ. ಕೈದಿಗಳು ಕಟ್ಟಡದ ಚಾವಣಿಗೆ ಟಾರು ಬಳಿಯುತ್ತಿದ್ದಾರೆ. ಮುಖ್ಯ ಕಾವಲುಗಾರನಿಗೆ ಸತ್ತ ಅಣ್ಣನಿಂದ 35,000 ಡಾಲರ್ ಬರುವುದಿದೆ, ತೆರಿಗೆಯ ಚಿಂತೆ ಹತ್ತಿದೆ. ಆಂಡಿ ಬ್ಯಾಂಕಿನವನು, ತೆರಿಗೆ ಉಳಿಸುವ ದಾರಿ ಹೇಳುತ್ತಾನೆ. ಹೇಳಲು ಹೋಗಿ ಚಾವಣಿಯಿಂದ ಕೆಳಗೆ ಬೀಳುವುದರಲ್ಲಿದ್ದ. ಪ್ರತಿಫಲವಾಗಿ ಅವನು ಕೇಳುವುದು ಜೊತೆಯವರಿಗೆ ತಲಾ ಮೂರು ಬಿಯರ್.

ಮ್ಯೂಟ್‌ನಲ್ಲಿ ನನಗೆ ಕಂಡದ್ದು ಇಷ್ಟು. ಬಿಸಿಲಲ್ಲಿ ಕೂತು ಕುಡಿಯುತ್ತಿರುವ ಗಂಡಸರು. ಒಬ್ಬ ಮಾತ್ರ ದೂರದಲ್ಲಿ, ನೆರಳಲ್ಲಿ, ಗೋಡೆಗೆ ಒರಗಿ ಕೂತಿದ್ದಾನೆ. ಅವನ ಕೈಯಲ್ಲಿ ಬಾಟಲಿ ಇಲ್ಲ. ಒಬ್ಬ ಬಂದು ಕೊಡಲು ನೋಡುತ್ತಾನೆ, ಇವನು ಬೇಡ ಅನ್ನುತ್ತಾನೆ. ಎಲ್ಲರನ್ನೂ ನೋಡುತ್ತಾ ಒಂಥರಾ ನಗುತ್ತಾನೆ. ನಿಜ ಹೇಳಬೇಕೆಂದರೆ ಆ ನಗು ನನಗೆ ಹಿಡಿಸಲಿಲ್ಲ. ಎಲ್ಲರಿಗೂ ಕೊಡಿಸಿ ಮೇಲೆ ಕೂತವನ ನಗುವಿನಂತೆ ಕಂಡಿತು. ಕೋರ್ಟಿನಲ್ಲಿ ತಣ್ಣಗೆ ಕೂತಿದ್ದ ಅದೇ ಮನುಷ್ಯ.

ಈಗ ದನಿ ಹಾಕಿ. ರೆಡ್ ಮೊದಲು ಆ ಬಿಸಿಲಿನ ಬಗ್ಗೆ ಹೇಳುತ್ತಾನೆ, ಹೆಗಲ ಮೇಲೆ ಬಿಸಿಲು ಬಿದ್ದಾಗ ತಾವು ಸ್ವತಂತ್ರರಂತೆ ಅನಿಸಿದ್ದನ್ನು ಹೇಳುತ್ತಾನೆ. ಆಮೇಲೆ ಆಂಡಿಯ ವಿಚಿತ್ರ ನಗುವನ್ನು ಅವನೇ ಎತ್ತುತ್ತಾನೆ. ಅಂದರೆ ನಮ್ಮ ಅನುಮಾನವನ್ನು ನಮಗಿಂತ ಮೊದಲೇ ಬಾಯಿಗೆ ತರುತ್ತಾನೆ. ಯಾಕೆ ಮಾಡಿದ ಅನ್ನುವುದಕ್ಕೆ ಎರಡು ಸಾಧಾರಣ ಕಾರಣ ಕೊಡುತ್ತಾನೆ. ಕಾವಲುಗಾರರ ಓಲೈಕೆಗೆ ಇರಬಹುದು, ಗೆಳೆಯರನ್ನು ಗಳಿಸಲು ಇರಬಹುದು. ಎರಡನ್ನೂ ಬದಿಗಿಟ್ಟು ಮೂರನೆಯದು ತನ್ನ ಊಹೆ ಅಂತ ಮುಂದಿಡುತ್ತಾನೆ. ಸ್ವಲ್ಪ ಹೊತ್ತಾದರೂ ಎಲ್ಲರಂತೆ ಇರಬೇಕು ಅಂತ ಅವನಿಗೆ ಅನಿಸಿರಬೇಕು.

ಅದೇ ನಗು, ಅದೇ ನೆರಳು. ಈಗ ಕಣ್ಣು ಒದ್ದೆಯಾಗುತ್ತದೆ. ನಟ ಟಿಮ್ ರಾಬಿನ್ಸ್ ಮುಖದಲ್ಲಿ ಒಂದು ಗೆರೆಯೂ ಬದಲಾಗಿಲ್ಲ. ಬದಲಾದದ್ದು ಆ ಮುಖವನ್ನು ನೋಡುವ ಕಣ್ಣು, ಅದನ್ನು ನಮಗೆ ಸಾಲ ಕೊಟ್ಟವನು ರೆಡ್. ಈ ಪ್ರಯೋಗ ಮಾಡಿದ ಮೇಲೆ ನನಗೊಂದು ವಿಷಯ ಗಟ್ಟಿಯಾಯಿತು. ದನಿ ತನಗಾಗಿ ಮರುಕ ಕೇಳುವುದು ಕಡಿಮೆ. ಅದು ಯಾರನ್ನು ಗಮನವಿಟ್ಟು ನೋಡುತ್ತದೋ ಅವರಿಗೆ ನಮ್ಮ ಮರುಕ ಹೋಗುತ್ತದೆ. ಯಾರನ್ನು ನೋಡದೆ ದಾಟುತ್ತದೋ ಅವರು ನಮ್ಮ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ.

ಇದೇ ಪ್ರಯೋಗವನ್ನು ತಿರುಗಿಸಿಯೂ ಮಾಡಿ. ತೆರೆಗೆ ಬೆನ್ನು ಹಾಕಿ ಬರೀ ಕೇಳಿ. ಆಂಡಿಯ ಮೇಲೆ ಕೆಲವು ಕೈದಿಗಳು ನಡೆಸುವ ಲೈಂಗಿಕ ಹಲ್ಲೆಯ ಭಾಗಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆಂಡಿ ಹೊಡೆದಾಡಿ ಪಾರಾದ ಅಂತ ಹೇಳಲು ಸಾಧ್ಯವಾಗಿದ್ದರೆ ಚೆನ್ನಾಗಿತ್ತು, ಆದರೆ ಜೈಲು ಕಟ್ಟುಕತೆಯ ಜಾಗವಲ್ಲ ಅನ್ನುವ ಅರ್ಥದ ಮಾತು ಅಲ್ಲಿ ರೆಡ್‌ನದು. ಕ್ಯಾಮೆರಾ ಹಿಂದೆ ಸರಿಯುತ್ತದೆ, ದನಿ ಆ ಜಾಗ ತುಂಬುತ್ತದೆ. ಹಿಂಸೆಯನ್ನು ತಮಾಷೆಯ ವಸ್ತು ಮಾಡದೆ ಅದರ ಭಾರವನ್ನಷ್ಟೇ ಉಳಿಸುವ ದಾರಿ ಇದು. ಇಂಥ ಕಡೆ ವಾಯ್ಸ್ ಓವರ್ ಸೋಮಾರಿತನ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಹೆಜ್ಜೆ 6: ಹೇಳದೆ ಬಿಟ್ಟದ್ದನ್ನು ಪಟ್ಟಿ ಮಾಡಿ

ಬಿಡುವುದರಲ್ಲಿ ಎರಡು ಬಗೆ. ಒಂದು, ಕತೆಯ ರುಚಿಗಾಗಿ ಬಚ್ಚಿಡುವುದು. ಆಂಡಿ ಹೇಗೆ ತಪ್ಪಿಸಿಕೊಂಡ ಅಂತ ಕತೆ ಹೇಳುವ ರೆಡ್‌ಗೆ ಮೊದಲಿಂದ ಗೊತ್ತು. ಆದರೂ ಆ ಕೊನೆಯ ರಾತ್ರಿಯ ಬಗ್ಗೆ ಹೇಳುವಾಗ ತನಗೆ ಈಗ ಗೊತ್ತಿರುವುದನ್ನು ಬದಿಗಿಟ್ಟು, ಆಗ ತಾನು ಪಟ್ಟ ಭಯವನ್ನು ಮಾತ್ರ ಕೊಡುತ್ತಾನೆ. ಆಂಡಿ ಹಗ್ಗ ಪಡೆದಿದ್ದಾನೆ, ಪ್ರಾಣ ಕಳೆದುಕೊಳ್ಳುತ್ತಾನಾ ಅಂತ ನಾವೂ ಒದ್ದಾಡುತ್ತೇವೆ. ಇದು ಕತೆಗಾರನ ಹಳೆಯ ಹಕ್ಕು, ಅದರಲ್ಲಿ ತಪ್ಪೇನಿಲ್ಲ.

ಇನ್ನೊಂದು, ಮರುಕ ಕೆಡಬಾರದು ಅಂತ ಬಿಡುವುದು. ಇದನ್ನೇ ಹುಡುಕಿ. ಮೂಲ ಕತೆಯಲ್ಲಿ ರೆಡ್ ತನ್ನ ಅಪರಾಧವನ್ನು ವಿವರವಾಗಿ ಹೇಳಿಕೊಳ್ಳುತ್ತಾನೆ. ಹೆಂಡತಿಯನ್ನು ಕೊಲ್ಲಲು ಕಾರಿನ ಬ್ರೇಕ್ ಕೆಡಿಸಿದ. ಆ ಕಾರಿನಲ್ಲಿ ಪಕ್ಕದ ಮನೆಯ ಹೆಂಗಸು, ಅವಳ ಮಗು ಕೂಡ ಇದ್ದರು. ಮೂವರೂ ಸತ್ತರು. ಸಿನಿಮಾದ ದನಿಯಿಂದ ಇದೆಲ್ಲ ಹೋಗಿದೆ. ಆ ಮಗುವಿನ ಬಗ್ಗೆ ಒಂದು ಸಾಲು ಉಳಿದಿದ್ದರೂ ರೆಡ್ ಪಾತ್ರ ಮಾಡಿದ ಮಾರ್ಗನ್ ಫ್ರೀಮನ್ ಅವರ ಆ ಬೆಚ್ಚನೆಯ ದನಿ ನಮಗೆ ಹಾಗೆಯೇ ಕೇಳುತ್ತಿತ್ತಾ? ನನಗೆ ಅನುಮಾನ. ಸಿನಿಮಾವನ್ನು ನಾನು ಈಗಲೂ ಅಷ್ಟೇ ಪ್ರೀತಿಸುತ್ತೇನೆ. ಆದರೆ ಈ ಕತ್ತರಿ ಎಲ್ಲಿ ಬಿದ್ದಿದೆ ಅಂತ ಗೊತ್ತಿರಬೇಕು.

ಹಾಗಾಗಿ ನೋಟ್‌ಬುಕ್ಕಿನ ಒಂದು ಪುಟವನ್ನು ಬೇರೆಯೇ ಇಡಿ. ಸತ್ತವರು, ಅವರ ಮನೆಯವರು, ಕತೆಯಲ್ಲಿ ಹೆಸರಿಲ್ಲದ ಕೈದಿಗಳು, ಕಾವಲುಗಾರರು. ಪ್ರತಿಯೊಬ್ಬರ ಎದುರು ದನಿ ಅವರ ಬಗ್ಗೆ ಎಷ್ಟು ಸಾಲು ಮಾತಾಡಿತು ಅಂತ ಬರೆಯಿರಿ. ಸೊನ್ನೆ ಬಂದ ಕಡೆ ಒಂದು ಸುತ್ತು ಹಾಕಿ.

ಹೆಜ್ಜೆ 7: ಕಿವಿಯಿಂದ ಜಾಗ ಅಳೆಯಿರಿ

ಹೆಡ್‌ಫೋನ್ ಹಾಕಿ ಕೇಳಿ. ಜೈಲಿನ ದೃಶ್ಯಗಳಲ್ಲಿ ಮಾತು ಕಲ್ಲಿಗೆ, ಕಬ್ಬಿಣಕ್ಕೆ ಬಡಿದು ಪ್ರತಿಧ್ವನಿಸುತ್ತದೆ. ಬಾಗಿಲು ಮುಚ್ಚಿದ ಸದ್ದು ದೂರದವರೆಗೆ ಉರುಳುತ್ತದೆ. ಕತೆ ಹೇಳುವ ದನಿಗೆ ಈ ಪ್ರತಿಧ್ವನಿ ಸಾಮಾನ್ಯವಾಗಿ ಇರುವುದಿಲ್ಲ. ಸದ್ದಿಲ್ಲದ ಕೋಣೆಯಲ್ಲಿ, ಮೈಕಿಗೆ ಹತ್ತಿರ ಕೂತು ರೆಕಾರ್ಡ್ ಮಾಡಿರುತ್ತಾರೆ. ಒಂದೇ ದಿಕ್ಕಿನ ಸದ್ದು ಹಿಡಿಯುವ ಮೈಕಿಗೆ ಬಾಯಿ ಹತ್ತಿರವಾದಷ್ಟೂ ದನಿ ದಪ್ಪವಾಗಿ, ಬೆಚ್ಚಗೆ ಕೇಳುತ್ತದೆ. ಪಕ್ಕದಲ್ಲಿ ಕೂತು ಪಿಸುಮಾತಾಡಿದ ಹಾಗೆ. ಜೈಲಿನ ಗೋಡೆ ಮುಟ್ಟದ ಒಂದೇ ಒಂದು ವಸ್ತು ಆ ದನಿ. ಹೀಗಾಗಿಯೇ ವಾರ್ಡನ್ನಿನ ಗಟ್ಟಿ ಮಾತಿಗಿಂತ ಕೈದಿಯ ಮೆಲುದನಿಯನ್ನು ನಾವು ಜಾಸ್ತಿ ನಂಬುತ್ತೇವೆ.

ಮುದುಕ ಬ್ರೂಕ್ಸ್‌ನ ಪತ್ರದ ಭಾಗವನ್ನೂ ಹೀಗೇ ಕೇಳಿ. 50 ವರ್ಷ ಒಳಗಿದ್ದು ಹೊರಬಂದವನ ಪತ್ರ ಅದು. ಕೆಲವು ನಿಮಿಷ ರೆಡ್ ಸುಮ್ಮನಾಗಿ ಬ್ರೂಕ್ಸ್‌ನ ದನಿ ಬರುತ್ತದೆ. ಪತ್ರ ಗೆಳೆಯರ ಕೈ ಸೇರಿದಾಗ ಬರೆದವನು ಬದುಕಿಲ್ಲ. ಮುಖ್ಯ ನಿರೂಪಕ ಬಾಯಿ ಮುಚ್ಚಿ ಇನ್ನೊಬ್ಬನಿಗೆ ಜಾಗ ಬಿಡುವುದು ಅಪರೂಪದ ಗೌರವ. ನಿಮ್ಮ ಸಿನಿಮಾದಲ್ಲಿ ಅಂಥದ್ದು ಯಾರಿಗಾದರೂ ಸಿಕ್ಕಿದೆಯಾ ನೋಡಿ.

ಹೆಜ್ಜೆ 8: ದನಿಯೇ ಇಲ್ಲದ ಒಂದು ಜೈಲು ಸಿನಿಮಾ ಪಕ್ಕಕ್ಕಿಡಿ

ಹೋಲಿಕೆ ಇಲ್ಲದೆ ದನಿಯ ಬೆಲೆ ತಿಳಿಯುವುದಿಲ್ಲ. ಜಾಕ್ ಬೆಕರ್ ಅವರ 'ಲ ತ್ರೂ' (1960) ಒಳ್ಳೆಯ ಆಯ್ಕೆ. 1947ರಲ್ಲಿ ಪ್ಯಾರಿಸ್‌ನ ಸಾಂತೆ ಜೈಲಿನಿಂದ ತಪ್ಪಿಸಿಕೊಳ್ಳಲು ನಡೆದ ಪ್ರಯತ್ನದ ಕತೆ. ಆ ಪ್ರಯತ್ನದಲ್ಲಿ ಇದ್ದವರೊಬ್ಬರೇ ಶುರುವಿನಲ್ಲಿ ಕ್ಯಾಮೆರಾ ನೋಡಿ ಎರಡು ಮಾತಾಡುತ್ತಾರೆ, ಸಿನಿಮಾದಲ್ಲಿ ನಟಿಸಿಯೂ ಇದ್ದಾರೆ. ಆಮೇಲೆ ನಿರೂಪಣೆ ಇಲ್ಲ. ಕತೆ ನಡೆಯುವಾಗ ಸಂಗೀತವೂ ಇಲ್ಲ. ಸರದಿ ಮೇಲೆ ಕಾಂಕ್ರೀಟ್ ನೆಲ ಒಡೆಯುವುದನ್ನು ಕಟ್ ಇಲ್ಲದೆ ಹಲವು ನಿಮಿಷ ನೋಡುತ್ತೇವೆ. ಇವರು ಒಳಗೆ ಬಂದದ್ದು ಯಾಕೆ ಅನ್ನುವುದರ ಮೇಲೆ ನಮ್ಮ ಮರುಕ ನಿಂತಿಲ್ಲ, ಕೈಗಳ ಮೇಲೆ ನಿಂತಿದೆ.

ಸ್ಟೀವ್ ಮೆಕ್ವೀನ್ ಅವರ 'ಹಂಗರ್' (2008) ಇನ್ನೂ ಕಠಿಣ. ಉತ್ತರ ಐರ್ಲೆಂಡಿನ ಜೈಲಿನಲ್ಲಿ 1981ರ ಉಪವಾಸ ಮುಷ್ಕರದ 66ನೇ ದಿನ ಸತ್ತ ಐರಿಶ್ ಹೋರಾಟಗಾರ ಬಾಬಿ ಸ್ಯಾಂಡ್ಸ್ ಕುರಿತ ಸಿನಿಮಾ ಶುರುವಾಗುವುದು ಒಬ್ಬ ಕಾವಲುಗಾರನಿಂದ. ಗಾಯವಾದ ಗೆಣ್ಣುಗಳನ್ನು ಅವನು ನೀರಿನಲ್ಲಿ ಅದ್ದುತ್ತಾನೆ. ಮನೆಯಿಂದ ಹೊರಟಾಗ ಬಾಂಬ್ ಇದೆಯಾ ಅಂತ ಕಾರಿನ ಕೆಳಗೆ ಬಗ್ಗಿ ನೋಡುತ್ತಾನೆ. ಕತೆ ಹೇಳುವ ಕೈದಿಯ ದನಿ ಇಲ್ಲ. ತೆರೆಯ ಆಚೆಯಿಂದ ತೇಲಿ ಬರುವುದು ಆಗಿನ ಬ್ರಿಟಿಷ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ದನಿ. ಅಧಿಕಾರಕ್ಕೆ ದನಿ ಇದೆ ಮೈ ಇಲ್ಲ, ಕೈದಿಗೆ ಮೈ ಮಾತ್ರ ಇದೆ. ಇಲ್ಲಿ ನಿಮ್ಮ ಮರುಕ ಯಾರ ಕಡೆ ಹೋಯಿತು, ಎಷ್ಟು ತಡವಾಗಿ ಹೋಯಿತು ಅಂತ ಮೊದಲ ಹೆಜ್ಜೆಯಂತೆ ಹೊತ್ತು ಬರೆದುಕೊಳ್ಳಿ. ನನಗೆ ಅದು ಪಾದ್ರಿಯ ಜೊತೆಗಿನ ಮಾತುಕತೆಯವರೆಗೂ ಇತ್ಯರ್ಥವಾಗಿರಲಿಲ್ಲ. ಆ ದೃಶ್ಯದಲ್ಲಿ ಕ್ಯಾಮೆರಾ ಸುಮಾರು 17 ನಿಮಿಷ ಒಂದೇ ಕಡೆ ನಿಂತಿರುತ್ತದೆ.

ಹೆಜ್ಜೆ 9: ಬರೆಯುವಾಗ

ಇಡೀ ಸಿನಿಮಾದ ಬಗ್ಗೆ ಬರೆಯಬೇಡಿ. ಒಂದು ದನಿ, ಒಂದು ದೃಶ್ಯ, ಒಂದು ಬದಲಾವಣೆ. 'ನಿರೂಪಣೆ ಮನಮುಟ್ಟುವಂತಿದೆ' ಅನ್ನುವ ಸಾಲು ಬಂದರೆ ಹೊಡೆದುಹಾಕಿ, ಮ್ಯೂಟ್‌ನಲ್ಲಿ ಏನು ಕಂಡಿತು, ದನಿ ಬಂದ ಮೇಲೆ ಏನಾಯಿತು ಅಂತ ಬರೆಯಿರಿ.

ಹೆಜ್ಜೆ 10: ದನಿ ಎಲ್ಲಿ ನಿಂತಿತು

ಕಡೆಯದಾಗಿ ಇದನ್ನು ನೋಡಿ. 1967ರಲ್ಲಿ ರೆಡ್ ಮತ್ತೆ ಪರೋಲ್ ಮಂಡಳಿಯ ಮುಂದೆ ಕೂರುತ್ತಾನೆ. ಈ ಸಲ ಕಂಠಪಾಠ ಇಲ್ಲ. ಆ ಅಪರಾಧ ಮಾಡಿದ ದಡ್ಡ ಹುಡುಗನ ಜೊತೆ ಮಾತಾಡಬೇಕು ಅನಿಸುತ್ತದೆ, ಆದರೆ ಅವನೀಗ ಇಲ್ಲ ಅನ್ನುತ್ತಾನೆ. ಇಷ್ಟು ಹೊತ್ತು ನಮಗೊಬ್ಬರಿಗೇ ಕೇಳುತ್ತಿದ್ದ ದನಿ ಮೊದಲ ಸಲ ಮಂಡಳಿಗೂ ಕೇಳುತ್ತಿದೆ. ಅವನ ತುಟಿಯ ಮಾತು, ಒಳಗಿನ ದನಿ ಎರಡೂ ಒಂದಾಗಿವೆ. ನಾವು ಮೊದಲೇ ಬಿಡುಗಡೆ ಮಾಡಿದ್ದವನನ್ನು ಮಂಡಳಿ ಈಗ ಬಿಡುತ್ತದೆ. ಇಲ್ಲೂ ಸತ್ತವರ ಹೆಸರಿಲ್ಲ, ಅದನ್ನೂ ಬರೆದುಕೊಳ್ಳಿ.

ಆಮೇಲೆ ಬಸ್ಸು. ಇಡೀ ಕತೆಯನ್ನು ಆಗಿಹೋದದ್ದು ಅಂತ ಹೇಳಿದವನು ಇಲ್ಲಿ ಈಗ ನಡೆಯುತ್ತಿರುವುದಾಗಿ ಹೇಳಲು ಶುರು ಮಾಡುತ್ತಾನೆ. ಗಡಿ ದಾಟುತ್ತೇನಾ, ಗೆಳೆಯ ಸಿಗುತ್ತಾನಾ, ಅವನಿಗೇ ಗೊತ್ತಿಲ್ಲ. ಎಲ್ಲ ಗೊತ್ತಿದ್ದವನು ನಮ್ಮ ಪಕ್ಕದ ಸೀಟಿಗೆ ಬಂದು ಕೂತಿದ್ದಾನೆ. ಅವನ ಕೊನೆಯ ಮಾತು ಒಂದು ಆಸೆ. ಅದು ಮುಗಿದು ಕಡಲತೀರ ಕಾಣುತ್ತದೆ. ಇಬ್ಬರು ದೂರದಲ್ಲಿ ಒಬ್ಬರನ್ನೊಬ್ಬರು ನೋಡುತ್ತಾರೆ. ಕತೆ ಹೇಳುವವರು ಯಾರೂ ಇಲ್ಲ. ಆ ಶಾಟ್ ಶುರುವಾದಾಗ ಗಡಿಯಾರ ನೋಡಿ, ಎಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆಯಿರಿ.